ಗುಡ್ಡ ಮೇಯ್ದವರು

ಖಾಲಾನ ಮುಂಗೈ ಮೇಲೆ ಬೆರಳಿಡುವಷ್ಟು ನಯವಾದ ಜಾಗ ಇರಲಿಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗೂ ಜಾಲಿಮುಳ್ಳು ಗೀರಿದ ಗೆರೆಗಳು; ಹಳೆಯವು ಬೆಳ್ಳಗಾಗಿದ್ದವು, ಹೊಸವು ಕೆಂಪಗಿರುತ್ತಿದ್ದವು. ಎಡಗೈ ಹೆಬ್ಬೆರಳ ಬುಡದಲ್ಲಿ ಮುರಿದ ಮುಳ್ಳಿನ ತುದಿಯೊಂದು ಚರ್ಮದೊಳಗೇ ಉಳಿದು ಕರಿ ಮಚ್ಚೆಯಾಗಿಬಿಟ್ಟಿತ್ತು. ಉದ್ದನೆಯ ಕೋಲಿಗೆ ಕುಡಗೋಲು ಕಟ್ಟಿ, ಜಾಲಿಯ ಎಳೆ ಟೊಂಗೆ ಇಳಿಸಿ ಆಡುಗಳ ಮುಂದೆ ಒಗೆಯುವುದು ಅವಳು ಮದುವೆಯಾಗಿ ಬಂದಂದಿನಿಂದ ಮಾಡಿಕೊಂಡು ಬಂದ ಕೆಲಸ.

ನಾನು ಜೇವರ್ಗಿ ಕಡೆಯವನು. ಆಳಂದ ತಾಲೂಕಿನ ಈ ಊರಿನ ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಬಂದಾಗ ನನಗೆ ಸಿಕ್ಕ ಬಾಡಿಗೆ ಕೋಣೆ ಅವಳ ಮನೆಗೆ ಹತ್ತಿಕೊಂಡೇ ಇತ್ತು. ಊರಿನ ಹೆಸರು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಉಳಿದ ಊರುಗಳವರು ಇದು ತಮ್ಮ ಸುದ್ದಿಯಲ್ಲ ಎಂದು ನಿರುಮ್ಮಳವಾಗುತ್ತಾರೆ. ಓಣಿಯ ಎಲ್ಲರೂ ಅವಳನ್ನು ಖಾಲಾ, ಅಂದರೆ ಚಿಕ್ಕವ್ವ, ಅನ್ನುತ್ತಿದ್ದರು, ನಾನೂ ಅಂದೆ. ನಮ್ಮ ಕಡೆ ಅವ್ವನಿಗೆ ಬಹುವಚನ ಹಚ್ಚುವುದಿಲ್ಲ. ಖಾಲಾನಿಗೂ ನಾನು ಹಚ್ಚಲಿಲ್ಲ. ಬಂದ ವರ್ಷವೇ ನನಗೆ ಕಾಮಾಲೆಯಾಗಿ ಹಾಸಿಗೆ ಹಿಡಿದಾಗ, ದಿನಾ ಎರಡು ಹೊತ್ತು ಜೋಳದ ಅಂಬಲಿ ತಂದು ನಾನು ಕುಡಿಯುವವರೆಗೆ ಬಾಗಿಲಲ್ಲೇ ನಿಂತಿರುತ್ತಿದ್ದಳು. ನಮ್ಮವ್ವನಿಗೆ ಫೋನ್ ಹಚ್ಚಿಸಿ, ನಿಮ್ಮ ಮಗ ನನ್ನ ಮನೆಯಲ್ಲಿದ್ದಾನೆ, ಚಿಂತೆ ಬಿಡ್ರಿ ಎಂದು ತಾನೇ ಮಾತಾಡಿದಳು.

ಅವಳ ಬಳಿ ಇಪ್ಪತ್ತರಷ್ಟು ಆಡುಗಳಿದ್ದವು. ಎಲ್ಲಕ್ಕೂ ಹೆಸರು. ಎಷ್ಟು ಕರೆದರೂ ಕುಂತಲ್ಲಿಂದ ಏಳದ ಒಂದು ಮುದಿ ಹೋತಕ್ಕೆ ತಹಶೀಲ್ದಾರ ಎಂದು ಹೆಸರಿಟ್ಟಿದ್ದಳು. ಗಂಡ ತೀರಿದ ಮೇಲೆ ಮಗನನ್ನು ಬೆಳೆಸಿದ್ದು, ಅವನಿಗೊಂದು ಆಟೋ ಕೊಡಿಸಿದ್ದು, ಮೊಮ್ಮಗಳನ್ನು ಶಾಲೆಗೆ ಕಳಿಸಿದ್ದು ಎಲ್ಲ ಈ ಆಡುಗಳ ಮೇಲೆಯೇ.

ಆ ಮೊಮ್ಮಗಳು ನನ್ನ ಎಂಟನೆಯ ತರಗತಿಯಲ್ಲಿದ್ದಳು. ಒಂದು ದಿನ ಅರಣ್ಯ ನಾಶದ ಪಾಠ. ಕಾರಣಗಳನ್ನು ಬೋರ್ಡಿನ ಮೇಲೆ ಬರೆದೆ. ಮೊದಲನೆಯದೇ ಆಡು-ಕುರಿಗಳನ್ನು ಅತಿಯಾಗಿ ಮೇಯಿಸುವುದು. ಹುಡುಗಿ ಮನೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಬಾಯಿಪಾಠ ಮಾಡಿದಳು. ಮರುದಿನ ಬೆಳಿಗ್ಗೆ ಖಾಲಾ ನನ್ನ ಬಾಗಿಲಿಗೆ ಬಂದಳು.

“ಮಾಸ್ತರ, ಆಡು ಜಂಗಲ್ ಹಾಳ್ ಮಾಡ್ತಾವ ಅಂತ ನೀವೇ ಬರಸೀರಂತ. ಹೌದೇನ್ರಿ?”

“ಪುಸ್ತಕದಾಗ ಹಂಗೇ ಅದ, ಖಾಲಾ.”

“ಪುಸ್ತಕ ಬರದಾಂವ ನಮ್ಮ ಗುಡ್ಡಕ್ಕ ಬಂದಿದ್ದನೇನು?”

ಕೊಂಕಿನ ಮಾತಲ್ಲ ಅದು. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು. ಐತವಾರ ಸೂಟಿ ಇರುತ್ತದಲ್ಲ, ನನ್ನ ಕೂಡ ಬರ್ರಿ ಅಂದಳು.

ಊರ ಹಿಂದಿನ ಗುಡ್ಡ ಗಾಯರಾಣ. ಊರ ಮಂದಿಯ ದನಕರುಗಳು ಮೇಯಲೆಂದು ಹಿಂದಿನಿಂದ ಬಿಟ್ಟ ಸರಕಾರಿ ಜಾಗ. ಮಲೆನಾಡಿನವರು ಅದನ್ನು ಕಾಡು ಅನ್ನಲಿಕ್ಕಿಲ್ಲ. ಜಾಲಿ, ಬೇವು, ಬಾರಿ, ಅಲ್ಲೊಂದು ಇಲ್ಲೊಂದು ಮುತ್ತಲ. ನಡುವೆ ಹುಲ್ಲು, ಕಲ್ಲು. ಆದರೆ ಬೇಸಿಗೆಯಲ್ಲಿ ನಮ್ಮ ಸೀಮೆಯ ನೆಲ ಬಾಯಿ ಬಿಟ್ಟು ನಿಂತಾಗ ಈ ಗುಡ್ಡದ ಬುಡದ ಬಾವಿಯಲ್ಲಿ ಮಾತ್ರ ಸಿಹಿ ನೀರು ಇರುತ್ತಿತ್ತು. ಅದಕ್ಕೂ ಈ ಗಿಡಗಳಿಗೂ ಸಂಬಂಧ ಇದೆ ಎಂದು ವಿಜ್ಞಾನದ ಮಾಸ್ತರನಾದ ನನಗಿಂತ ಚೆನ್ನಾಗಿ ಖಾಲಾನಿಗೆ ಗೊತ್ತಿತ್ತು.

ಅಂದು ಅವಳು ನನಗೆ ಎರಡು ಗಿಡ ತೋರಿಸಿದಳು. ಒಂದು ಅವಳು ವರ್ಷ ವರ್ಷ ಟೊಂಗೆ ಇಳಿಸಿಕೊಂಡ ಜಾಲಿ. ಗಾಯವಾದಲ್ಲೆಲ್ಲ ಹೊಸ ಚಿಗುರು ಒಡೆದು ಕೊಡೆಯಂತೆ ದುಂಡಗಾಗಿತ್ತು. ಇನ್ನೊಂದು ಬರೀ ಬೊಡ್ಡೆ. ನೆಲಕ್ಕೆ ಸಮನಾಗಿ, ಮೇಜಿನಂತೆ ಸಪಾಟಾಗಿ ಕೊಯ್ದದ್ದು.

“ಆಡು ತಿಂದದ್ದು ಮತ್ತ ಚಿಗೀತದ, ಮಾಸ್ತರ. ಇದು ಚಿಗಿಯಂಗಿಲ್ಲ. ಹಿಂಗ ಕೊಯ್ಯೋ ಹಲ್ಲು ಯಾ ಆಡಿಗೂ ಇಲ್ಲ.”

ಅಂಥ ಬೊಡ್ಡೆಗಳು ಅಂದು ಹತ್ತಾರು ಕಂಡವು. ಊರ ಹೊರಗೆ ಸಾಹುಕಾರನ ಇಟ್ಟಂಗಿ ಭಟ್ಟಿಯಿತ್ತು; ಇಟ್ಟಿಗೆ ಸುಡಲು ಅದಕ್ಕೆ ಕಟ್ಟಿಗೆ ಬೇಕಿತ್ತು. ಆಳಂದ, ಅಫಜಲಪುರ, ಜೇವರ್ಗಿ ಎಲ್ಲ ಕಡೆ ಮನೆಗಳು ಏಳುತ್ತಿದ್ದವು, ಇಟ್ಟಂಗಿ ಹೋಗುತ್ತಿತ್ತು, ಗುಡ್ಡ ಸುಡುತ್ತಿತ್ತು. ಆಡು ಎಳೆ ಸಸಿ ಕಡಿಯುವುದು ಸುಳ್ಳಲ್ಲ ಎಂದು ಖಾಲಾನೇ ಒಪ್ಪಿದಳು. ಅದಕ್ಕೇ ವರ್ಷಕ್ಕೊಂದು ಕಡೆಯ ಇಳಿಜಾರಿಗೆ ಅವಳು ಆಡು ಹೊಡೆಯುತ್ತಿರಲಿಲ್ಲ. ಉಳಿದ ಆಡಿನವರನ್ನೂ ಹೋಗಗೊಡುತ್ತಿರಲಿಲ್ಲ. ಜಾಲಿಕಾಯಿ ತಿಂದ ಆಡುಗಳು ಮೆಲುಕು ಹಾಕುವಾಗ ಬೀಜ ಉಗುಳುತ್ತವೆ. ಹಟ್ಟಿಯಲ್ಲಿ ಬಿದ್ದ ಆ ಬೀಜಗಳನ್ನು ಗುಡಿಸಿ ಡಬ್ಬಿಯಲ್ಲಿಟ್ಟು, ಮೊದಲ ಮಳೆಗೆ ಗುಡ್ಡದ ಮೇಲೆ ಎರಚಿ ಬರುತ್ತಿದ್ದಳು. ಆಡಿನ ಬಾಯಿಂದ ಬಂದ ಬೀಜ ಬೇಗ ಹುಟ್ಟುತ್ತದೆ ಅನ್ನುತ್ತಿದ್ದಳು.

ಸೋಮವಾರ ತರಗತಿಯಲ್ಲಿ ಆ ಮೊದಲನೆಯ ಸಾಲು ಅಳಿಸುವ ಧೈರ್ಯ ನನಗೆ ಬರಲಿಲ್ಲ. ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆ. ಕೆಳಗೆ, ಭಟ್ಟಿಗೆ ಗಿಡ ಕಡಿಯುವುದು ಎಂದು ಇನ್ನೊಂದು ಸಾಲು ಬರೆಸಿ ಕೈ ತೊಳೆದುಕೊಂಡೆ.

ಮುಂದಿನ ಬೇಸಿಗೆಗೆ ಮುಂಚೆ ಪಂಚಾಯ್ತಿ ಗೋಡೆಯ ಮೇಲೆ ಒಂದು ಕಾಗದ ಅಂಟಿಸಿದರು. ಖಾಲಾ ನನ್ನನ್ನು ಕರೆದುಕೊಂಡು ಹೋಗಿ ಓದಿಸಿದಳು. ಗುಡ್ಡವನ್ನು ಹಸಿರು ಮಾಡುವ ಯೋಜನೆ ಬಂದಿದೆ, ತಂತಿ ಬೇಲಿ ಹಾಕುತ್ತಾರೆ, ಇನ್ನು ಮೇಲೆ ಆಡು-ಕುರಿ-ದನಗಳನ್ನು ಬಿಡುವಂತಿಲ್ಲ, ಉಪಯೋಗಕ್ಕೆ ಬಾರದ ಮುಳ್ಳುಗಿಡಗಳನ್ನು ತೆಗೆಸಿ ಹೊಸ ಸಸಿ ನೆಡುತ್ತಾರೆ ಎಂದಿತ್ತು. ಆ ಮುಳ್ಳುಗಿಡ ತೆಗೆಯುವ ಗುತ್ತಿಗೆ ಯಾರಿಗೆ ಸಿಕ್ಕಿತು ಎಂದು ಕೇಳುವುದೇ ಬೇಡ. ಭಟ್ಟಿ ಸಾಹುಕಾರನಿಗೇ. ಹಾಲು ಕಾಯಲು ಬೆಕ್ಕನ್ನು ಕೂಡಿಸಿದ್ದರೆ ಅದಕ್ಕಾದರೂ ಒಂದಿಷ್ಟು ನಾಚಿಕೆ ಇರುತ್ತಿತ್ತು.

“ಉಪಯೋಗಕ್ಕ ಬಾರದ್ದು ಅಂದ್ರ?” ಖಾಲಾ ಕೇಳಿದಳು.

ಮಾರಿದರೆ ದುಡ್ಡು ಬಾರದ್ದು ಎಂದು ಹೇಳಲೇ? ಹಲ್ಲುಜ್ಜುವ ಕಡ್ಡಿ, ಕುಂಟೆ ಕೂರಿಗೆಯ ಕಟ್ಟಿಗೆ, ಆಡಿನ ಮೇವು, ಬಾಣಂತಿಗೆ ಜಾಲಿಯ ಅಂಟು, ಬಾವಿಯ ನೀರು, ದಾರಿಹೋಕರಿಗೆ ನೆರಳು — ಇವು ಯಾವೂ ಆ ಕಾಗದದ ಲೆಕ್ಕದಲ್ಲಿ ಉಪಯೋಗವಲ್ಲ.

ಅವಳು ಹೇಳಿದಂತೆ ಒಂದು ಅರ್ಜಿ ಬರೆದುಕೊಟ್ಟೆ. ಗಿಡ ಕಡಿಯಬೇಡಿ, ಖಾಲಿ ಜಾಗದಲ್ಲಿ ಸಸಿ ಹಚ್ಚಿರಿ, ಅಲ್ಲಿಗೆ ನಾವು ಆಡು ಬಿಡುವುದಿಲ್ಲ ಎಂದು. ಇಷ್ಟೇ ಅವಳು ಕೇಳಿದ್ದು. ಆಡಿನವರು, ದನದವರು, ಎರಡು ಓಣಿಯ ಲಿಂಗಾಯತ ರೈತರೂ ಸಹಿ ಹಾಕಿದರು. ಖಾಲಾ ಉರ್ದುವಿನಲ್ಲಿ ನಿಧಾನಕ್ಕೆ ತನ್ನ ಹೆಸರು ಬರೆದಳು. ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿದಳು. ನಾನು ಸರಕಾರಿ ನೌಕರ, ನನ್ನ ಸಹಿ ಸರಿಯಾಗುವುದಿಲ್ಲ ಎಂದೆ. ಅವಳು ಪೆನ್ನಿನ ಟೋಪಿ ಹಾಕಿ ನನ್ನ ಜೇಬಿಗೆ ಸಿಕ್ಕಿಸಿದಳು.

“ಬ್ಯಾಡ್ ಬಿಡ್ರಿ ಮಾಸ್ತರ. ನಿಮಗ ನೌಕ್ರಿ ಅದ.”

ಬೈದಿದ್ದರೆ ಇಷ್ಟು ವರ್ಷ ಅದು ನನ್ನೊಳಗೆ ಉಳಿಯುತ್ತಿರಲಿಲ್ಲ.

ಅರ್ಜಿಗೆ ಉತ್ತರ ಬರಲಿಲ್ಲ. ಬೇಲಿ ಬಂತು. ಬೇಲಿ ಹಾಕಿದ ವಾರದಲ್ಲೇ ಅವಳ ನಾಲ್ಕು ಆಡುಗಳು ಒಳಗೆ ನುಗ್ಗಿದವೆಂದು ಹಿಡಿದು, ಬೀಡಾಡಿ ದನ ಕೂಡಿಹಾಕುವ ಕೊಂಡವಾಡಕ್ಕೆ ದಬ್ಬಿದರು. ಅವಳು ಇಡೀ ದಿನ ಆ ಬಾಗಿಲ ಮುಂದೆ ಕುಳಿತಳು. ನಾನು ಶಾಲೆ ಬಿಟ್ಟ ಮೇಲೆ ಹೋದಾಗಲೂ ಅಲ್ಲೇ ಇದ್ದಳು. ಅದೇ ಹೊತ್ತಿಗೆ ಗುಡ್ಡದ ಮೇಲಿಂದ ಮಷಿನ್ ಗರಗಸದ ಸದ್ದು ಬರುತ್ತಿತ್ತು. ಕಟ್ಟಿಗೆ ಹೇರಿಕೊಂಡ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಅವಳ ಎದುರಿಗೇ ದಾಟಿ ಹೋದವು. ಬೇಲಿಯ ಒಳಗೆ ನಾಲ್ಕು ಆಡು ಹೋದದ್ದು ಗುನ್ಹೆ. ಒಳಗಿದ್ದ ಗಿಡಗಳೆಲ್ಲ ಹೊರಗೆ ಹೋದದ್ದು ಅಭಿವೃದ್ಧಿ. ಜಾಲಿಯ ಹೆಸರಲ್ಲಿ ಬೇವೂ ಹೋದವು, ಮುತ್ತಲವೂ ಹೋದವು. ತಿಂಗಳೊಪ್ಪತ್ತಿನಲ್ಲಿ ಗುಡ್ಡ ತಲೆ ಬೋಳಿಸಿಕೊಂಡು ನಿಂತಿತು. ಅದರ ಬುಡದ ಮಣ್ಣನ್ನೂ ಇಟ್ಟಂಗಿಗೆಂದು ಅಗೆದರು.

ನನ್ನ ಸಿಟ್ಟಿಗೆ ಪೂರ್ತಿ ಹಕ್ಕು ನನಗಿಲ್ಲ. ಅದೇ ವರ್ಷ ಜೇವರ್ಗಿ ಕಡೆಯ ನಮ್ಮ ಹೊಲದಲ್ಲಿ ಅಣ್ಣ ಬದುವಿನ ಬೇವಿನ ಗಿಡಗಳನ್ನೆಲ್ಲ ಕಡಿಸಿದ್ದ. ನೆರಳಿಗೆ ತೊಗರಿ ಏಳುವುದಿಲ್ಲ, ಟ್ರ್ಯಾಕ್ಟರ್ ತಿರುಗಿಸಲು ಅಡ್ಡ ಎಂದು ಕಾರಣ ಹೇಳಿದ. ನಾನು ಊಟ ಮಾಡುತ್ತಾ ಹ್ಞೂಂ ಅಂದಿದ್ದೆ.

ಮಳೆಗಾಲ ಹಿಡಿದ ಮೇಲೆ ಪರಿಸರ ದಿನದ ಕಾರ್ಯಕ್ರಮಕ್ಕೆ ನಮ್ಮ ಶಾಲೆಗೆ ಮುಖ್ಯ ಅತಿಥಿಯಾಗಿ ಬಂದವನು ಅದೇ ಭಟ್ಟಿ ಸಾಹುಕಾರ. ಸಸಿ ನೆಟ್ಟ, ಫೋಟೋ ತೆಗೆಸಿಕೊಂಡ, ಗಿಡಗಳು ನಮ್ಮ ಉಸಿರು ಎಂದು ಭಾಷಣ ಮಾಡಿದ. ಮಕ್ಕಳಿಂದ ಚಪ್ಪಾಳೆ ಹೊಡೆಸಿದವನು ನಾನೇ. ಗೇಟಿನ ಹೊರಗೆ ಆಡುಗಳನ್ನು ನಿಲ್ಲಿಸಿಕೊಂಡು ಖಾಲಾ ನೋಡುತ್ತಿದ್ದಳು. ಸಂಜೆ ಸಿಕ್ಕಾಗ ಒಂದೇ ಮಾತು ಅಂದಳು: “ಹೋದ ವರ್ಷ ತೋಡಿದ ಕುಣಿನ್ಯಾಗೇ ಈ ವರ್ಷನೂ ಹಚ್ಯಾರ, ಮಾಸ್ತರ.” ಗುಡ್ಡದ ಮೇಲೆ ನೆಟ್ಟ ಸಸಿಗಳ ಗತಿಯೂ ಅದೇ ಆಯಿತು. ನೀರು ಹಾಕುವವರಿಲ್ಲದೆ ದೀಪಾವಳಿ ಹೊತ್ತಿಗೆ ಕಡ್ಡಿಯಾದವು.

ಅದಕ್ಕೂ ಮುಂಚೆ ದೊಡ್ಡ ಮಳೆ ಬಂದಿತ್ತು. ನಮ್ಮಲ್ಲಿ ಮಳೆ ಬರುವುದೇ ಹಾಗೆ, ವಾರಗಟ್ಟಲೆ ಮುಖ ತೋರಿಸದೆ ಒಮ್ಮೆಗೇ ಬೀಳುತ್ತದೆ. ಹಿಂದೆಲ್ಲ ಗುಡ್ಡ ಆ ನೀರನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಾವಿಗೆ ಬಿಡುತ್ತಿತ್ತು. ಈಗ ಹಿಡಿಯಲು ಬೇರಿರಲಿಲ್ಲ. ನೀರು ಮಣ್ಣನ್ನು ಎಳೆದುಕೊಂಡು ಕೆಸರಾಗಿ ಧುಮುಕಿತು. ಸಿಹಿನೀರಿನ ಬಾವಿ ಅರ್ಧಕ್ಕೂ ಮೇಲೆ ಹೂಳಿನಿಂದ ತುಂಬಿತು. ಖಾಲಾನ ಹಟ್ಟಿಯ ಗೋಡೆ ಕುಸಿದು, ಮರಿಗಳನ್ನು ಅವಳು ನನ್ನ ಕೋಣೆಗೆ ತಂದು ಕಟ್ಟಿದಳು. ಮುಂದೆ ಬಂದ ಬೇಸಿಗೆಗೆ ಬಾವಿಯ ಬದಲು ಟ್ಯಾಂಕರ್ ಬಂತು. ಟ್ಯಾಂಕರಿನ ಗುತ್ತಿಗೆಯೂ ಸಾಹುಕಾರನಿಗೇ ಸಿಕ್ಕಿತು.

ಗುಡ್ಡ ಮುಚ್ಚಿದ ಮೇಲೆ ಖಾಲಾ ಆಡುಗಳನ್ನು ಆಳಂದ ರಸ್ತೆಗುಂಟ ಮೇಯಿಸಲು ಒಯ್ಯುತ್ತಿದ್ದಳು. ರಸ್ತೆ ಅಗಲ ಮಾಡುವಾಗ ಅಲ್ಲಿಯ ಗಿಡಗಳೂ ಹೋಗಿದ್ದವು. ಊರು ಬಿಟ್ಟರೆ ಮುಂದಿನ ಊರಿನವರೆಗೆ ನಿಲ್ಲಲು ನೆರಳಿಲ್ಲ. ಆಡು ಮಾರಿಬಿಡು, ಮನೆಯಲ್ಲಿರು ಎಂದು ಮಗ ಹೇಳಿದ, ನಾನೂ ಹೇಳಿದೆ. ಮನೆಯಲ್ಲಿ ಕುಂತು ಏನು ಮಾಡಲಿ, ಅವಕ್ಕೂ ಬಾಯಿ ಇಲ್ಲವೇನು ಅಂದಳು. ಒಂದು ಮಧ್ಯಾಹ್ನ ದಾರಿಹೋಕರು ಫೋನ್ ಮಾಡಿದರು. ಸಣ್ಣ ಸೇತುವೆಯ ಕಟ್ಟೆಗೆ ಒರಗಿ ಕುಳಿತಿದ್ದಳಂತೆ. ಮಾತಾಡಿಸಿದರೆ ಮಾತಿಲ್ಲ. ಆಡುಗಳು ಸುತ್ತ ನಿಂತಿದ್ದವಂತೆ. ಮಗ ಆಟೋದಲ್ಲಿ ಹಾಕಿಕೊಂಡು ಆಳಂದಕ್ಕೆ ಓಡಿಸಿದ. ದಾರಿಯಲ್ಲೇ ಜೀವ ಹೋಯಿತು.

ಊರು ಅಂದಿತು, ಬಿಸಿಲು ಹೊಡೆದು ಸತ್ತಳು ಎಂದು. ನನಗೆ ಮೈ ಉರಿಯಿತು. ಬಿಸಿಲು ನಮ್ಮ ಸೀಮೆಗೆ ಹೊಸದೇ? ಆ ಬಿಸಿಲಿನಲ್ಲೇ ಅವಳು ಜೀವಮಾನ ಕಳೆದಿದ್ದಳು. ಅವಳಿಂದ ಕಸಿದುಕೊಂಡದ್ದು ನೆರಳನ್ನು. ಕಸಿದುಕೊಂಡವರು ಯಾರು ಎಂಬುದು ಹಾಗೆ ಅಂದವರಿಗೆಲ್ಲ ಗೊತ್ತಿತ್ತು.

ಮರುದಿನ ಖಬರಸ್ತಾನದಲ್ಲಿ ಕುಣಿ ತೋಡಿಯಾಗಿತ್ತು. ಹೆಣ ಇಳಿಸಿದ ಮೇಲೆ ಮಣ್ಣು ನೇರ ಮೈಮೇಲೆ ಬೀಳದಂತೆ ಅಡ್ಡ ಹಲಗೆಗಳನ್ನು ಇಡುತ್ತಾರೆ. ಊರಲ್ಲಿ ಹಲಗೆಗೆ ಗಿಡವೇ ಉಳಿದಿರಲಿಲ್ಲವಲ್ಲ, ಆಳಂದದಿಂದ ತರಿಸೋಣ ಎಂದು ಹಿರಿಯರು ಮಾತಾಡುತ್ತಿದ್ದಾಗಲೇ ಸಾಹುಕಾರನ ಟ್ರ್ಯಾಕ್ಟರ್ ಬಂದು ನಿಂತಿತು. ಒಳ್ಳೆ ಬೇವಿನ ಹಲಗೆಗಳು. ಸಾಹುಕಾರರು ಪುಣ್ಯಕ್ಕೆ ಕಳಿಸಿದ್ದಾರೆ ಎಂದು ಡ್ರೈವರ್ ಹೇಳಿದ. ಎಷ್ಟೆಂದರೂ ದೊಡ್ಡ ಮನಸ್ಸು ಎಂದು ಯಾರೋ ಅಂದರು.

ಖಾಲಾನ ಮಗ ಹತ್ತಿರ ಹೋಗಿ ಒಂದು ಹಲಗೆಯ ಮೇಲೆ ಕೈ ಆಡಿಸಿದ. ಯಾವ ಗಿಡದ್ದು ಎಂದು ಕೇಳಿದ. ಗುಡ್ಡದ ಮೇಲಿನದೇ ಎಂದು ಡ್ರೈವರ್ ಅಂದ.

“ನಮ್ಮ ಅಮ್ಮಾನ ಮ್ಯಾಲ ಇದು ಹಾಕಂಗಿಲ್ಲ. ವಾಪಸ್ ಒಯ್ಯಿರಿ.”

ಹೊತ್ತಾಗುತ್ತದೆ, ಹಟ ಮಾಡಬೇಡ ಎಂದು ಹಿರಿಯರು ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಮನೆಗೆ ಹೋಗಿ, ಹಲಗೆಯ ಬದಲಿಗೆ ಅಂಗಳದ ಶಾಬಾದಿ ಫರಸಿ ಕಲ್ಲುಗಳನ್ನು ಹಾರೆಯಿಂದ ಎಬ್ಬಿಸತೊಡಗಿದ. ಅವನ ಹಿಂದೆ ಓಣಿಯ ನಾಲ್ವರು ಹೋದರು. ಇನ್ನೂ ಒಂದು ಕಡಿಮೆ ಬೀಳುತ್ತಿತ್ತು. ನನ್ನ ಬಾಗಿಲ ಮುಂದಿನದನ್ನು ನಾನೇ ಕಿತ್ತೆ. ಎದುರು ಮನೆಯ ಲಿಂಗಾಯತರ ಮುದುಕ ಮತ್ತೊಂದು ತುದಿ ಹಿಡಿದ. ಇಬ್ಬರೂ ಹೊತ್ತುಕೊಂಡು ಖಬರಸ್ತಾನಕ್ಕೆ ನಡೆದೆವು.

ಮನೆ ಮಾಲೀಕರು ಆ ಜಾಗಕ್ಕೆ ಹೊಸ ಫರಸಿ ಹಾಕಿಸಲೇ ಎಂದು ಎರಡು ಸಲ ಕೇಳಿದ್ದಾರೆ. ಬೇಡ ಅಂದಿದ್ದೇನೆ. ಮಳೆ ಬಂದಾಗಲೆಲ್ಲ ಗುಡ್ಡದ ಮಣ್ಣು ಇಳಿದು ಬಂದು ಅಲ್ಲಿ ಕೆಸರಾಗಿ ನಿಲ್ಲುತ್ತದೆ. ಅದನ್ನು ತುಳಿದುಕೊಂಡೇ ಶಾಲೆಗೆ ಹೋಗುತ್ತೇನೆ.