ಹಳೇ ತಂಡಕ್ಕೆ ಬಂದ ಹೊಸ ಮ್ಯಾನೇಜರ್

ಅವರ ಬಲಗೈ ತೋರುಬೆರಳು ಎಂದೋ ಹಾಕಿ ಆಡುವಾಗ ಚೆಂಡು ಬಡಿದು ಸೊಟ್ಟಗಾಗಿತ್ತು. ಮೈದಾನದಲ್ಲಿ ಒಬ್ಬನಿಗೆ ಬೆರಳು ಮಾಡಿ ಕರೆದರೆ ಪಕ್ಕದವನು ಓಡಿ ಬರುತ್ತಿದ್ದ. "ನೀ ಅಲ್ಲೋ ಮಾರಾಯಾ, ನಿನ್ನ ಬಾಜೂ ಇದ್ದಂವ!" ಎಂದು ನಗುತ್ತಿದ್ದರು.

ಭಾಗ್ಯನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವರು ಕೊಪ್ಪಳದ ನಮ್ಮ ಹಾಕಿ ಕ್ಲಬ್ಬಿಗೆ ಮ್ಯಾನೇಜರ್ ಆಗಿ ಬಂದಾಗ ನಾವು ಸೋತೂ ಸೋತೂ ನಾಚಿಕೆ ಬಿಟ್ಟಿದ್ದೆವು. ನಾವೆಲ್ಲರೂ ಹಿಂದಿನ ಮ್ಯಾನೇಜರ್ ಆರಿಸಿಟ್ಟು ಹೋದವರು. ಕೆಲವರಿಗೆ ವಯಸ್ಸಾಗಿತ್ತು, ಕೆಲವರಿಗೆ ಹೊಟ್ಟೆ ಬಂದಿತ್ತು. ನಾನು ಸೆಂಟರ್ ಫಾರ್ವರ್ಡ್. ಗೋಲು ಹೊಡೆಯುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಿದ್ದೆ.

"ಈ ಹಳೇ ಮಂದೀನೆಲ್ಲಾ ತಗದ ಒಗೀರಿ ಸಾಹೇಬ್ರ, ಹೊರಗಿಂದ ಹುಡುಗರನ್ನ ತರೂಣು" ಎಂದರು ಕ್ಲಬ್ಬಿನ ಅಧ್ಯಕ್ಷರು, ನಮ್ಮೆದುರಿಗೇ.

"ತಡೀರಿ. ಅಂಗಡಿ ಕೊಂಡಂವ ಮೊದಲ ಗಂಟು ಬಿಚ್ಚಿ ನೋಡತಾನ. ಒಳಗ ರೇಷ್ಮಿನೂ ಇರಬಹುದಲ್ರಿ?"

ಮರುದಿನದಿಂದ ಅಭ್ಯಾಸದಲ್ಲಿ ಯಾರನ್ನೂ ಅವರವರ ಜಾಗದಲ್ಲಿ ಆಡಿಸಲಿಲ್ಲ. ನನ್ನನ್ನು ಹಿಂದಕ್ಕೆ, ಗೋಲು ಕಾಯುವವನ ಮುಂದಿನ ಫುಲ್‌ಬ್ಯಾಕ್ ಜಾಗಕ್ಕೆ ಅಟ್ಟಿದರು. ನನಗೆ ಸಿಟ್ಟೇ ಬಂತು. ಕೆಲವು ದಿನ ನೋಡಿ, ಕರೆದು ಹೇಳಿದರು: "ನೀ ಚೆಂಡಿನ ಹಿಂದ ಓಡೂದಿಲ್ಲ, ಅದು ಬರೂ ಕಡೆ ಮೊದಲ ಹೋಗಿ ನಿಂತಿರತಿ. ಮುಂದ ಆಡಿದ್ರ ಇದು ಮೈಗಳ್ಳತನ. ಹಿಂದ ಆಡಿದ್ರ ಶ್ಯಾಣ್ಯಾತನ."

ಕಷ್ಟವಿದ್ದದ್ದು ಕ್ಯಾಪ್ಟನ್ ವಿಷಯದಲ್ಲಿ. ಆತ ಗಂಗಾವತಿಯ ಅಕ್ಕಿ ವ್ಯಾಪಾರಿ, ಮ್ಯಾನೇಜರರ ಜೀವದ ಗೆಳೆಯ. ಮೊಣಕಾಲು ಪೂರಾ ಸೋತಿತ್ತು. ಗೆಳೆಯನನ್ನು ಮುಟ್ಟಲಾರರು ಎಂದೇ ನಾವು ಅಂದುಕೊಂಡಿದ್ದೆವು. ಒಂದು ಭಾನುವಾರ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅವನ ಮನೆಗೇ ಹೋದರು. ಊಟಕ್ಕೆ ಏಳಿರೆಂದಾಗ ಏಳಲಿಲ್ಲ.

"ಉಂಡ ಮ್ಯಾಲೆ ಹೇಳಿದ್ರ ಮೋಸ ಆಕ್ಕೈತಿ. ಈ ವರ್ಷ ನೀ ಆಡಾಂಗಿಲ್ಲಪಾ."

ಕ್ಯಾಪ್ಟನ್ ಮುಖ ಕೆಂಪಾಯಿತು. "ಮೈದಾನ ಬಿಟ್ಟು ನಾ ಏನ ಮಾಡ್ಲಿ?"

"ಬಿಡು ಅಂತ ಯಾರ ಅಂದ್ರು? ಮೊಣಕಾಲ ಹೋಗೈತಿ, ಬಾಯಿ ಗಟ್ಟಿ ಐತಿ. ಇವರಿಗೆ ಕಲಿಸು."

ಆತ ಒಳಗೆ ಹೋದ. ಎದ್ದು ಹೋಗುವುದೋ ಕೂರುವುದೋ ತಿಳಿಯದೆ ನಾನು ಅವರ ಮುಖ ನೋಡಿದೆ. ಅಷ್ಟರಲ್ಲಿ ಆತನೇ ತಾಟು ಹಿಡಿದುಕೊಂಡು ಬಂದ. "ಮೊದಲ ಉಣ್ರಿ. ಸಿಟ್ಟ ಆಮ್ಯಾಲೆ ಮಾಡ್ತೀನಿ."

ಹೇಳಿದಂತೆ ಸಿಟ್ಟೂ ಮಾಡಿದ; ಒಂದು ತಿಂಗಳು ಇತ್ತ ಸುಳಿಯಲಿಲ್ಲ. ಆಮೇಲೊಂದು ಸಂಜೆ ಕೊರಳಿಗೆ ಸೀಟಿ ಹಾಕಿಕೊಂಡು ಬಂದವನು ನಮ್ಮನ್ನು ಬೈಯುತ್ತಲೇ ತಿದ್ದಿದ.

ಆ ವರ್ಷವೂ ಸೋತೆವು. ಅಧ್ಯಕ್ಷರು ಗೊಣಗಿದರು, ಮ್ಯಾನೇಜರ್ ಚಹಾ ತರಿಸಿ ಸಮಾಧಾನ ಮಾಡಿದರು. ಮರುವರ್ಷ, ಸದಾ ನಮ್ಮನ್ನು ಸೋಲಿಸುತ್ತಿದ್ದ ಹೊಸಪೇಟೆಯವರ ಮೇಲೆ ಒಂದು ಗೋಲಿನಿಂದ ಗೆದ್ದೆವು. ನಾವೆಲ್ಲ ಅವರನ್ನು ಎತ್ತಲು ಓಡಿದರೆ, ಅವರು ಗೆಳೆಯನನ್ನು ತಬ್ಬಿಕೊಂಡು ಮಕ್ಕಳಂತೆ ಕುಣಿಯುತ್ತಿದ್ದರು.

ಹೋದ ವರ್ಷ ತೀರಿಕೊಂಡರು. ಅವರು ತಂಡದಲ್ಲಿ ಉಳಿಸಿಕೊಂಡವರಷ್ಟೇ ಅಲ್ಲ, ಕೈಬಿಟ್ಟವರೂ ಮಣ್ಣಿಗೆ ಬಂದಿದ್ದರು.

ನಾನು ಈಗಲೂ ಆಡುತ್ತೇನೆ. ಗೋಲು ಹೊಡೆಯುವ ಆಸೆ ಹೋಗಿ ಬಹಳ ಕಾಲವಾಯಿತು. ಭರದಿಂದ ನುಗ್ಗಿ ಬಂದವನ ಕೋಲಿನಿಂದ ಚೆಂಡು ಕಸಿದುಕೊಳ್ಳುವಾಗ ಒಂದು ಖುಷಿಯಾಗುತ್ತದಲ್ಲ, ಅದು ಅವರು ಕೊಟ್ಟದ್ದು.