ಅತ್ತೆಯ ರಿಕಾರ್ಡು, ಎರಡು ಸೂಜಿ

ಎಪ್ಪತ್ತರ ದಶಕದಲ್ಲಿ ಮದುವೆಯಾಗಿ ಇಂಡಿ ಊರಿಗೆ ಬಂದಾಗ ನನ್ನ ಜೊತೆ ಒಂದು ಟ್ರಂಕು, ಒಂದು ರಿಕಾರ್ಡ್ ಪ್ಲೇಯರ್ ಬಂದವು. ಪ್ಲೇಯರ್ ಮುದ್ದೇಬಿಹಾಳದಲ್ಲಿದ್ದ ಅಪ್ಪ ಕೊಟ್ಟದ್ದು. ಮೂರು ತಿಂಗಳಾದ ಮೇಲೆ ಅದನ್ನು ಮೊದಲ ಸಲ ಹೊರಗೆ ತೆಗೆದದ್ದೇ ತಡ, ಅತ್ತೆ ಹಳೆಯ ಪತ್ತಲ ಸೀರೆಯಲ್ಲಿ ಸುತ್ತಿಟ್ಟಿದ್ದ ದಪ್ಪ ಕರಿ ರಿಕಾರ್ಡೊಂದನ್ನು ತಂದರು. ನಡುವಿನ ಚೀಟಿಯನ್ನು ಹುಳ ತಿಂದಿತ್ತು.

"ಇದರಾಗ ನಾ ಹಾಡೇನಿ, ಲಗ್ನಕ್ಕ ಮೊದಲ," ಎಂದರು.

ನನ್ನ ಗಂಡ ನಕ್ಕರು. "ಸಣ್ಣಂದಿನಿಂದ ಈ ಕಥಿ ಕೇಳ್ಲಿಕ್ಕತ್ತೀನಿ. ನೀ ಹಾಡಿದ್ದಂತೂ ಒಂದಿನಾ ಕೇಳಿಲ್ಲ." ಮನೆಯಲ್ಲಿ ಯಾರೂ ಅತ್ತೆಯ ಮಾತನ್ನು ನಂಬುತ್ತಿರಲಿಲ್ಲ.

ವೇಗದ ಗುಂಡಿಯನ್ನು ಹಳೆಯ ರಿಕಾರ್ಡುಗಳ ಎಪ್ಪತ್ತೆಂಟಕ್ಕೆ ತಿರುಗಿಸಿ ಹಚ್ಚಿದೆ. ಬಂದದ್ದು ಬರೀ ಕರಕರ. ಸೂಜಿ ಒಮ್ಮೆ ಮುಂದಕ್ಕೆ ಜಾರಿತು, ಒಮ್ಮೆ ಹಿಂದಕ್ಕೆ. ಎಲ್ಲೋ ಆಳದಲ್ಲಿ ಯಾರೋ ಗೊಣಗಿದಂತಾಯಿತು. ಹೆಣ್ಣೋ ಗಂಡೋ ತಿಳಿಯಲಿಲ್ಲ.

"ನಿನ್ನ ಮಿಶನ್ನೇ ಕೆಟ್ಟದ," ಎಂದರು ಅತ್ತೆ.

ನನಗೆ ಸಿಟ್ಟು ನೆತ್ತಿಗೇರಿತು. ವೇಗ ಇಳಿಸಿ ನನ್ನದೊಂದು ತೆಳು ರಿಕಾರ್ಡು ಹಚ್ಚಿ ತೋರಿಸಿದೆ. ಕೊಳಲು ಸ್ವಚ್ಛವಾಗಿ ಕೇಳಿತು. ಅತ್ತೆ ಒಳಗೆ ಹೋದರು, ಆ ದಿನ ಊಟ ಮಾಡಲಿಲ್ಲ. ಗೆದ್ದೆನೋ ಸೋತೆನೋ ನನಗೇ ಗೊತ್ತಾಗಲಿಲ್ಲ. ಮಿಶನ್ ಸರಿ ಇದ್ದರೆ ಅತ್ತೆ ಸುಳ್ಳಿ. ಅತ್ತೆಯ ಮಾತು ಖರೆ ಇದ್ದರೆ ಅಪ್ಪ ಕೊಟ್ಟದ್ದು ಕೆಟ್ಟ ಮಿಶನ್. ನನಗೆ ಎರಡೂ ಬೇಡವಾಗಿತ್ತು.

ಮರುದಿನ ರಿಕಾರ್ಡನ್ನೂ ಪ್ಲೇಯರನ್ನೂ ಎತ್ತಿಕೊಂಡು ಬಜಾರದ ರೇಡಿಯೊ ರಿಪೇರಿಯವನ ಬಳಿ ಹೋದೆ. ಆತ ಸೂಜಿಯ ಪಕ್ಕದ ಪುಟ್ಟ ಕಡ್ಡಿಯನ್ನು ಅರ್ಧ ಸುತ್ತು ತಿರುಗಿಸಿದ.

"ಅಕ್ಕಾರ, ಇದಕ್ಕ ಎರಡು ಸೂಜಿ ಅದಾವ್ರಿ. ಹಳೀ ರಿಕಾರ್ಡಿನ ಗೆರಿ ಅಗಲ. ಸಣ್ಣ ಸೂಜಿ ತಳಕ್ಕ ಇಳದು ಧೂಳ ಕೆರೀತೈತಿ. ಹಾಡು ಇರೂದು ಗೆರಿಯ ಗ್ವಾಡ್ಯಾಗರಿ, ಅದಕ್ಕ ದಪ್ಪ ಸೂಜೀನ ಬೇಕು."

ವೇಗ ಬದಲಿಸಿದರೆ ಸಾಕೆಂದುಕೊಂಡಿದ್ದೆನಲ್ಲ, ನನ್ನಂಥ ಪೆದ್ದಿ ಯಾರಿದ್ದಾರು!

ಮನೆಗೆ ಬಂದು ಎಲ್ಲರನ್ನೂ ಕೂರಿಸಿ ಹಚ್ಚಿದೆ. ಕರಕರದ ಮೇಲೆ ಒಂದು ಹುಡುಗಿಯ ದನಿ ಎದ್ದಿತು, ತೆಳ್ಳಗೆ, ಧೈರ್ಯವಾಗಿ. ಹಾಡು ಮುಗಿದೊಡನೆ, ಆ ಕಾಲದ ರೂಢಿಯಂತೆ, ಹುಡುಗಿ ತನ್ನ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳಿದಳು. ಅದು ಅತ್ತೆಯ ಹೆಸರಾಗಿರಲಿಲ್ಲ. ನಾನು ಕಕ್ಕಾಬಿಕ್ಕಿಯಾದೆ.

"ನೋಡವ್ವಾ, ಇದು ಬ್ಯಾರೆ ಯಾರದೋ," ಎಂದರು ಗಂಡ.

ಅತ್ತೆ ತಿರುಗುತ್ತಿದ್ದ ರಿಕಾರ್ಡನ್ನೇ ನೋಡುತ್ತಿದ್ದರು. "ಅದು ನನ್ನ ತವರಮನಿ ಹೆಸರು. ಲಗ್ನದಾಗ ಅಕ್ಕಿ ಮ್ಯಾಲೆ ಬ್ಯಾರೆ ಹೆಸರು ಬರದ್ರು. ಹಳೀದು ಏನಿತ್ತಂತ ಈ ಮನ್ಯಾಗ ಯಾರೂ ಕೇಳಲೇ ಇಲ್ಲ."

ಗಂಡ ತಲೆ ತಗ್ಗಿಸಿದರು. ಮೂರು ತಿಂಗಳ ಹಿಂದೆ ಇದೇ ಪಡಸಾಲೆಯಲ್ಲಿ, ಅಕ್ಕಿಯ ತಟ್ಟೆಯಲ್ಲಿ, ಅವರೇ ನನ್ನ ಹೊಸ ಹೆಸರು ಬರೆದಿದ್ದರು.

ಅತ್ತೆ ನನ್ನತ್ತ ತಿರುಗಿದರು. "ನಿನ್ನ ಹೆಸರು ಮೊದಲ ಏನಿತ್ತವಾ?"

ಹೇಳಿದೆ. ಹೇಳುತ್ತಿದ್ದಂತೆ ಅಳು ಬಂದುಬಿಟ್ಟಿತು.