ಅತ್ತೆಯ ಕಿವಿ ಮಷೀನು, ನನ್ನ ಪುಸ್ತಕ

ಆಗ ನಾನು ಶಬ್ದದ ಬಗ್ಗೆ ಪುಸ್ತಕ ಬರೆಯುತ್ತಿದ್ದೆ. ಅಲೆ, ಕಂಪನ, ಕಿವಿಯ ತಮಟೆ, ಎಲ್ಲ ಸರಿಯಾಗಿಯೇ ಇತ್ತು. ಆದರೆ ಓದಿದರೆ ಶಾಲೆಯ ಪಾಠದ ಹಾಗಿತ್ತು. ಅದೇ ಹೊತ್ತಿಗೆ ಸಂಶಿ ಊರಿನ ನಮ್ಮ ಮನೆಯಲ್ಲಿ ಅತ್ತೆಯವರಿಗೆ, ಅಂದರೆ ನನ್ನ ಗಂಡನ ತಾಯಿಗೆ, ಕಿವಿ ಮಷೀನು ಬಂತು.

ಅವರ ಕಿವಿ ಮಂದವಾದದ್ದು ಎಷ್ಟು ನಿಧಾನವಾಗಿತ್ತೆಂದರೆ ನಮಗಿರಲಿ, ಅವರಿಗೇ ತಿಳಿದಿರಲಿಲ್ಲ. ಕರೆದರೂ ತಿರುಗಿ ನೋಡುವುದಿಲ್ಲ ಎಂದು ಮುನಿಸಿಕೊಂಡವರು ಬಹಳ. ಗುಡಗೇರಿಯಲ್ಲಿರುವ ಅವರ ಸ್ವಂತ ತಂಗಿ, ನಮ್ಮ ಚಿಕ್ಕತ್ತೆ, ಒಂದು ಮದುವೆಯ ನಂತರ ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದರು. ಯಾಕೆಂದು ಅತ್ತೆಗೆ ಗೊತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಮಷೀನು ಹಾಕಿಸಿಕೊಂಡು ಬಂದವರೇ ಅತ್ತೆ ಪಡಸಾಲೆಯಲ್ಲಿ ಕೂತು ಮೇಲೆ ನೋಡಿದರು.

"ಈ ಫ್ಯಾನು ಮೊದಲಿಂದನೂ ಹಿಂಗ ಒದರತಿತ್ತೇನ ಬೇ?"

"ಹೌದ್ರಿ ಅತ್ತಿ."

ಬಳೆ ಅಲ್ಲಾಡಿಸಿ ಅದರ ಸದ್ದು ಕೇಳಿದರು. ನಾನು ರೊಟ್ಟಿ ಬಡಿಯುವಾಗ ಪಕ್ಕಕ್ಕೆ ಬಂದು ನಿಂತರು. ಸಂಜೆ ಮನೆಯವರೆಲ್ಲ ಒಮ್ಮೆಗೇ ಮಾತಿಗೆ ಶುರು ಮಾಡಿದಾಗ ಮಾತ್ರ ಮುಖ ಕಿವುಚಿದರು.

"ಯಾರ ಮಾತು ಬೇಕು, ಯಾರದು ಬ್ಯಾಡ ಅನ್ನೂದು ಇದಕ್ಕ ಗೊತ್ತಾಗೂದಿಲ್ಲೇನು?"

"ಅದು ಎಲ್ಲಾನೂ ಜೋರ ಮಾಡತೈತ್ರಿ. ಆರಿಸಿಕೊಳ್ಳೂದು ನಿಮ್ಮ ತಲಿ ಕೆಲಸ."

"ತಲಿಗಾದ್ರೂ ಹೆಂಗ ಗೊತ್ತಾಗತೈತಿ?"

ಅದಕ್ಕೆ ಉತ್ತರ ನನ್ನ ಹಸ್ತಪ್ರತಿಯಲ್ಲಿ ಇರಲಿಲ್ಲ. ಹುಡುಕಿ ಓದಿದೆ. ಗದ್ದಲದ ನಡುವೆ ನಮಗೆ ಪರಿಚಯದ ದನಿಯನ್ನು ಮಿದುಳು ಬೇಗ ಹಿಡಿಯುತ್ತದಂತೆ. ಇದನ್ನು ಹೇಳಿದಾಗ ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು.

"ಹಂಗಾದ್ರ ಗುಡಗೇರಿಗೆ ಹೋಗೂಣು ನಡಿ. ನನ್ನ ತಂಗಿ ದನಿ ಹೆಂಗ ಕೇಳಸತೈತಿ ನೋಡಬೇಕು."

ಪ್ಯಾಸೆಂಜರ್ ರೈಲಿನಲ್ಲಿ ಹೋದೆವು. ಚಿಕ್ಕತ್ತೆ ಕಟ್ಟೆಯ ಮೇಲೆ ಕೂತು ಹೆಸರುಕಾಳು ಹಸನು ಮಾಡುತ್ತಿದ್ದರು. ನಮ್ಮನ್ನು ನೋಡಿ ತಲೆ ತಗ್ಗಿಸಿ, ತಮಗೆ ತಾವೇ ಅನ್ನುವಂತೆ ಗೊಣಗಿದರು.

"ಈಗ ನೆನಪಾತೇನು ಅಕ್ಕಗ?"

ಅತ್ತೆ ಅಲ್ಲೇ ನಿಂತರು. "ನೆನಪ ಇತ್ತು. ಕಿವಿ ಇರಲಿಲ್ಲ."

ಚಿಕ್ಕತ್ತೆ ತಟ್ಟನೆ ತಲೆಯೆತ್ತಿ ಅಕ್ಕನ ಕಿವಿ ನೋಡಿದರು. "ಹಂಗಾದ್ರ ಮದವ್ಯಾಗೂ ಕೇಳಿಸಿರಲಿಲ್ಲೇನು? ನಾ ಹಿಂದಿಂದ ಅಷ್ಟು ಕರದೆ. ಮಂದಿ ಎಲ್ಲಾ ನಕ್ಕರು. ನೀ ತಿರುಗಿ ಸುದ್ದಾ ನೋಡಲಿಲ್ಲ."

"ನೀ ಕರದಿದ್ದೇನು?"

ಚಿಕ್ಕತ್ತೆ ಮೊರ ಬದಿಗಿಟ್ಟು ಎದ್ದು ಬಂದು ಅಕ್ಕನನ್ನು ತಬ್ಬಿಕೊಂಡರು. ಕೂಡಲೇ ಮಷೀನು ಕುಯ್ಯೆಂದು ಕೂಗಿತು. ಇಬ್ಬರೂ ಬೆಚ್ಚಿ ದೂರ ಸರಿದರು. ಸರಿದೊಡನೆ ಸದ್ದು ನಿಂತಿತು.

"ಏನಿದು ಅಕ್ಕಾ, ಸೀಟಿ ಹೊಡೀತೈತಿ!"

ಮಷೀನಿನಿಂದ ಹೊರಬಿದ್ದ ಸದ್ದು ಹತ್ತಿರದ ಕೆನ್ನೆಗೋ ಕೈಗೋ ತಾಗಿ, ತಿರುಗಿ ಅದರ ಮೈಕಿನೊಳಗೇ ಹೋಗಿ ಸುತ್ತುತ್ತದೆ, ಅದಕ್ಕೆ ಹೀಗೆ ಎಂದು ವಿವರಿಸಿದೆ. ಚಿಕ್ಕತ್ತೆ ನಂಬಲಿಲ್ಲ. ಅಂಗೈ ಬಟ್ಟಲು ಮಾಡಿ ಅಕ್ಕನ ಕಿವಿಯ ಹತ್ತಿರ ತಂದರು, ತೆಗೆದರು, ಮತ್ತೆ ತಂದರು. ಪ್ರತಿ ಸಲ ಅದು ಕೂಗಿತು. ಇಬ್ಬರೂ ನಗುತ್ತ ನಗುತ್ತ ಕಟ್ಟೆಯ ಮೇಲೆ ಕುಸಿದರು. ಚಿಕ್ಕತ್ತೆಯ ನಗು ನಡುವೆಯೇ ಅಳುವಾಯಿತು. ನಾನು ನೀರು ತರುವ ನೆಪದಲ್ಲಿ ಒಳಗೆ ಹೋದೆ.

ಊರಿಗೆ ಬಂದು ಪುಸ್ತಕದ ಕಿವಿಯ ಅಧ್ಯಾಯವನ್ನು ಹೊಸದಾಗಿ ಬರೆದೆ. ಓದಿ ಹೇಳಿದಾಗ ಅತ್ತೆ ನಡುವೆ ತಡೆದರು.

"ಸೀಟಿ ಬರದಿ, ಛಲೋ ಆತು. ಅಕಿ ಅತ್ತಿದ್ದು ಎಲ್ಲೈತಿ?"

"ಇದು ವಿಜ್ಞಾನದ ಪುಸ್ತಕ ಅಲ್ಲೇನ್ರಿ ಅತ್ತಿ?"

"ಇದ್ರ ಇರಲೇಳು. ಮಷೀನು ತಂದಿದ್ದು ಯಾತಕ್ಕ ಮತ್ತ?"

ನಾನು ಅದನ್ನೂ ಸೇರಿಸಿದೆ. ಆಮೇಲಿನ ಪುಸ್ತಕಗಳನ್ನೂ ಹೀಗೆಯೇ ಬರೆಯುತ್ತ ಬಂದಿದ್ದೇನೆ, ಯಂತ್ರದ ಜೊತೆಗೆ ಅದನ್ನು ಬಳಸುವವರ ಮನೆಯ ಮಾತನ್ನೂ ಕೂಡಿಸಿಕೊಂಡು. ಈಗ ಅಕ್ಕತಂಗಿ ದಿನಾ ಫೋನಿನಲ್ಲಿ ಮಾತಾಡುತ್ತಾರೆ. ಮೊನ್ನೆ ಫೋನಿಟ್ಟು ಅತ್ತೆ ನನ್ನನ್ನು ಕರೆದರು.

"ಫೋನಿನ್ಯಾಗ ಅಕಿ ದನಿ ಥೇಟ್ ನಮ್ಮವ್ವನಂಗ ಕೇಳತೈತಿ. ಎದುರಿಗೆ ಹಂಗಿಲ್ಲ. ಯಾಕ ಬೇ?"

ಅದನ್ನೂ ಹುಡುಕಿ ಓದುತ್ತಿದ್ದೇನೆ.